ಎಂದರೆ ಸರಿಯಲ್ಲ

ಅಪ್ಪ ತರೀಕೆರೆಯ ಕೋರ್ಟಿನಲ್ಲಿ ಸ್ಟೆನೋ ಆಗಿದ್ದರು. ಸಾಕ್ಷಿ ಕಟಕಟೆಯಲ್ಲಿ ನಿಂತು ಹೇಳುತ್ತಾನೆ, ಜಡ್ಜ್ ಬರೆಸುತ್ತಾರೆ, ಅಪ್ಪ ಟೈಪ್ ಮಾಡುತ್ತಾರೆ. ಪಾಟಿ ಸವಾಲು ಶುರುವಾದರೆ ಆ ಹಾಳೆಯ ಭಾಷೆಯೇ ಬೇರೆ. ವಕೀಲರ ಪ್ರಶ್ನೆ ಬೇರೆ, ಸಾಕ್ಷಿಯ ಉತ್ತರ ಬೇರೆ ಅಂತ ಬರೆಯುವುದು ಕಡಿಮೆ. ಎರಡೂ ಸೇರಿ ಒಂದೇ ವಾಕ್ಯವಾಗುತ್ತದೆ. "ಆ ದಿನ ನಾನು ಊರಿನಲ್ಲಿಯೇ ಇರಲಿಲ್ಲ ಎಂದರೆ ಸರಿಯಲ್ಲ." "ಆರೋಪಿಗೂ ನನಗೂ ಜಮೀನಿನ ವಿಚಾರದಲ್ಲಿ ದ್ವೇಷವಿದೆ ಎಂದರೆ ಸರಿಯಲ್ಲ." ಕೊನೆಯ ಸಾಲು ಹೆಚ್ಚುಕಮ್ಮಿ ಯಾವಾಗಲೂ ಒಂದೇ: "ನಾನು ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ." ಮನೆಯಲ್ಲೂ ಅಪ್ಪನಿಗೆ ಅದೇ ಧಾಟಿ ಬರುತ್ತಿತ್ತು. ಕೊತ್ತಂಬರಿ ಮರೆತು ಬಂದ್ರಾ ಅಂತ ಅಮ್ಮ ಕೇಳಿದರೆ, "ಕೊತ್ತಂಬರಿ ಮರೆತಿದ್ದೇನೆ ಎಂದರೆ ಸರಿಯಲ್ಲ" ಅಂತ ಚೀಲದ ತಳದಿಂದ ಕಟ್ಟು ಎತ್ತಿ ತೋರಿಸುತ್ತಿದ್ದರು.

2008ರ ಬೇಸಿಗೆಯಲ್ಲಿ, ನನ್ನ ಎರಡನೇ ಪಿಯುಸಿ ಪರೀಕ್ಷೆ ಮುಗಿದಿತ್ತು. ದೊಡ್ಡಮ್ಮನ ಮಗ ಅಮೆರಿಕದಿಂದ ಬಂದಿದ್ದ. ಅವನ ಬ್ಯಾಗಿನಲ್ಲಿ ಒಂದು ನಿಂಟೆಂಡೊ ಡಿಎಸ್ ಇತ್ತು, ಕೈಯಲ್ಲಿ ಹಿಡಿದು ಆಡುವ ವಿಡಿಯೊ ಗೇಮ್ ಯಂತ್ರ. ಎರಡು ಪರದೆ, ಮಡಚಿದರೆ ಕಂಪಾಸ್ ಬಾಕ್ಸ್‌ನಷ್ಟೇ ಅಗಲ. ಅದರೊಳಗಿದ್ದ ಆಟ 'ಫೀನಿಕ್ಸ್ ರೈಟ್: ಏಸ್ ಅಟಾರ್ನಿ'. "ಇದು ಕೋರ್ಟಿಂದು ಕಣೇ, ನಿಂಗೆ ಇಷ್ಟ ಆಗುತ್ತೆ, ತಗೋ" ಅಂತ ಕೊಟ್ಟ. ನಾನು ಅಟ್ಟದ ಮೆಟ್ಟಿಲ ಮೇಲೆ ಕೂತು ಶುರು ಮಾಡಿದೆ. ಒಬ್ಬ ಸಾಕ್ಷಿ ಬಂದ. ಅವನ ಹೇಳಿಕೆ ಹಸಿರು ಅಕ್ಷರದಲ್ಲಿ, ಒಂದೊಂದೇ ವಾಕ್ಯವಾಗಿ ಬಂತು. ನಾಲ್ಕೈದು ವಾಕ್ಯ. ಮುಂದೆ ಹೋಗಬಹುದು, ಹಿಂದೆ ಬರಬಹುದು, ಒಂದೇ ವಾಕ್ಯದ ಮೇಲೆ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು. ಅದರಲ್ಲಿ ಒಂದು ಸುಳ್ಳು. ನನಗೆ ಮೈ ಜುಂ ಅಂದಿತು. ಇದು ಅಪ್ಪನ ಹಾಳೆ!

ಅಂದಿನಿಂದ 17 ವರ್ಷ ಈ ಸರಣಿಯ ಜೊತೆಗಿದ್ದೇನೆ. ಇದರ ಬಗ್ಗೆ ಮನಸ್ಸಿನಲ್ಲಿರುವುದನ್ನು ಒಮ್ಮೆ ಪೂರ್ತಿ ಬರೆದುಬಿಡೋಣ ಅನ್ನಿಸಿದೆ. ಕಥೆಗಳ ಗುಟ್ಟು ಬಿಟ್ಟುಕೊಡದೆ ಬರೆಯಲು ಆಗುವುದಿಲ್ಲ. ಆಡಬೇಕು ಅಂತಿರುವವರು ಮೊದಲ ಮೂರು ಆಟ ಮುಗಿಸಿಕೊಂಡು ಬನ್ನಿ.

ಜಪಾನಿನಲ್ಲಿ ಇದರ ಹೆಸರು 'ಗ್ಯಾಕುತೆನ್ ಸೈಬಾನ್'. ತಿರುವುಮುರುವಾಗುವ ವಿಚಾರಣೆ ಅಂತ ಅರ್ಥ. ಮೊದಲ ಆಟ 2001ರ ಅಕ್ಟೋಬರ್‌ನಲ್ಲಿ, ಡಿಎಸ್‌ಗಿಂತ ಹಳೆಯ ಗೇಮ್ ಬಾಯ್ ಅಡ್ವಾನ್ಸ್ ಯಂತ್ರಕ್ಕೆ ಬಂತು. ಮಾಡಿದ್ದು ಕ್ಯಾಪ್‌ಕಾಮ್. ಬರೆದು ನಿರ್ದೇಶಿಸಿದವರು ಶು ತಕುಮಿ. ಕ್ಯಾಪ್‌ಕಾಮ್ ದೊಡ್ಡ ಕಂಪನಿಯಾದರೂ ಈ ಆಟಕ್ಕೆ ಸಿಕ್ಕಿದ್ದು ಏಳೇ ಜನರ ಪುಟ್ಟ ತಂಡ. ಜಪಾನೀ ಆವೃತ್ತಿಯಲ್ಲಿ ನಾಯಕ ಬೆರಳು ಚಾಚಿ "ಇಗಿಯಾರಿ!" (ಆಕ್ಷೇಪಣೆ ಇದೆ) ಅಂತ ಕೂಗುತ್ತಾನಲ್ಲ, ಆ ದನಿ ಸ್ವತಃ ತಕುಮಿಯವರದು. ಎದುರಾಳಿ ಪ್ರಾಸಿಕ್ಯೂಟರ್ ಎಜ್‌ವರ್ತ್‌ನ ದನಿ ಪಾತ್ರಗಳ ಚಿತ್ರ ಬರೆದ ತತ್ಸುರೊ ಇವಾಮೊತೊ ಅವರದು. ಮನೆಮಂದಿಯೇ ಸೇರಿ ನಾಟಕ ಕಟ್ಟಿದ ಹಾಗೆ. ನಾಯಕನ ಜಪಾನೀ ಹೆಸರು ನಾರುಹೋದೋ. ಆ ಭಾಷೆಯಲ್ಲಿ ಯಾರಾದರೂ ಏನಾದರೂ ವಿವರಿಸಿದಾಗ "ಓಹೋ, ಹಾಗಾ" ಅನ್ನಲು ಬಳಸುವ ಮಾತು ಅದು. ಕೇಳಿಸಿಕೊಳ್ಳುವುದೇ ಕೆಲಸವಾದ ವಕೀಲನಿಗೆ ಇದಕ್ಕಿಂತ ಒಳ್ಳೆಯ ಹೆಸರು ಬೇಕಾ? 2005ರಲ್ಲಿ ಇಂಗ್ಲಿಷಿಗೆ ಬಂದಾಗ ಅವನು ಫೀನಿಕ್ಸ್ ರೈಟ್ ಆದ, ಊರು ಲಾಸ್ ಏಂಜಲೀಸ್ ಆಯಿತು, ಅವನ ಸಹಾಯಕಿ ಮಾಯಾಳ ರಾಮೆನ್ ಹೋಗಿ ಬರ್ಗರ್ ಬಂತು. ಹಾಗಿದ್ದರೂ ಮಾಯಾಳ ಊರಿನ ಗುಡಿ, ನಿಲುವಂಗಿ, ತೀರಿಕೊಂಡವರನ್ನು ಮೈಮೇಲೆ ಬರಿಸಿಕೊಳ್ಳುವ ಪದ್ಧತಿ ಎಲ್ಲವೂ ಹಾಗೇ ಉಳಿಯಿತು. ನನಗೆ ಅದು ಯಾವತ್ತೂ ತೊಡಕಾಗಲಿಲ್ಲ. ಮೈಮೇಲೆ ಬರುವುದು ನಮಗೆ ಹೊಸದೇನಲ್ಲ.

ಆಟದ ಕೋರ್ಟು ಕ್ರೂರವಾಗಿದೆ. ಮೂರು ದಿನದೊಳಗೆ ತೀರ್ಪು. ಆರೋಪಿ ತಪ್ಪು ಮಾಡಿಲ್ಲ ಅಂತ ತೋರಿಸಿದರಷ್ಟೇ ಸಾಲದು, ಮತ್ತ್ಯಾರು ಮಾಡಿದ್ದು ಅಂತಲೂ ವಕೀಲನೇ ಹಿಡಿದು ಕೊಡಬೇಕು. ಮೊದಲ ಸಲ ಇದು ಬರೀ ಕಥೆಯ ಅನುಕೂಲಕ್ಕೆ ಅಂದುಕೊಂಡಿದ್ದೆ. ಆಮೇಲೆ ಜಪಾನಿನ ಬಗ್ಗೆ ಓದಿದೆ. ಅಲ್ಲಿ ಕ್ರಿಮಿನಲ್ ಕೇಸು ಕೋರ್ಟಿಗೆ ಹೋಯಿತು ಅಂದರೆ ಶಿಕ್ಷೆಯಾಗುವ ಪ್ರಮಾಣ 99%ಗಿಂತ ಜಾಸ್ತಿ. ಸಾಮಾನ್ಯ ಜನರೂ ಜಡ್ಜ್‌ಗಳ ಜೊತೆ ಕೂತು ತೀರ್ಪು ಹೇಳುವ ಪದ್ಧತಿ ಶುರುವಾಗಿದ್ದು 2009ರಲ್ಲಿ, ಅಂದರೆ ಈ ಆಟ ಬಂದು ಎಂಟು ವರ್ಷದ ಮೇಲೆ. ಅದು ಗೊತ್ತಾದ ಮೇಲೆ ಫೀನಿಕ್ಸ್‌ನ ಹಣೆಯ ಮೇಲಿನ ಬೆವರು ನನಗೆ ಬೇರೆಯಾಗಿಯೇ ಕಾಣಿಸಿತು.

ಜನ ಈ ಸರಣಿಯ ಬಗ್ಗೆ ಮಾತಾಡುವಾಗ ಮೊದಲು ನೆನೆಯುವುದು ಆ "ಅಬ್ಜೆಕ್ಷನ್!" ಕೂಗನ್ನು. ಡಿಎಸ್‌ನಲ್ಲಂತೂ ಮೈಕಿಗೆ ಬಾಯಿಟ್ಟು ನಾವೇ ಕೂಗಬಹುದಿತ್ತು. ಆದರೆ ನನ್ನ ಪ್ರಕಾರ ಇದರ ಜೀವ ಕೂಗಿನಲ್ಲಿಲ್ಲ, ಕೂಗಿನ ಹಿಂದಿನ ಕ್ಷಣದಲ್ಲಿದೆ. ಪಾಟಿ ಸವಾಲಿನ ಸಂಗೀತ ತನ್ನ ಪಾಡಿಗೆ ನಡೆಯುತ್ತಿರುತ್ತದೆ. ಸರಿಯಾದ ವಾಕ್ಯಕ್ಕೆ ಸರಿಯಾದ ಪುರಾವೆ ತೋರಿಸಿದಿರಾ, ಸಂಗೀತ ಪಕ್ಕನೆ ನಿಲ್ಲುತ್ತದೆ. ಪೂರ್ತಿ ಮೌನ. ಗೆದ್ದೆ ಅಂತ ನಿಮಗೆ ಗೊತ್ತಾಗುವುದು ಆ ಮೌನದಿಂದ. ಆಮೇಲೆ ಫೀನಿಕ್ಸ್ ಮೇಜು ಕುಟ್ಟಿ, ಬೆರಳು ಚಾಚಿ, ವಿವರಿಸುತ್ತಾನೆ. ಮೊದಲ ಆಟದ ಸಂಗೀತ ಮಸಕಾಝು ಸುಗಿಮೊರಿ ಅವರದು. ಗೇಮ್ ಬಾಯ್‌ನ ಪುಟ್ಟ ಸ್ಪೀಕರಿಗಾಗಿ ಮಾಡಿದ ಆ ರಾಗಗಳು, ಸಾಕ್ಷಿಯನ್ನು ಮೂಲೆಗೆ ತಳ್ಳುವಾಗ ಬರುವ ಆ ಓಟ, ಇವತ್ತಿಗೂ ನನ್ನ ಫೋನಿನಲ್ಲಿವೆ.

ಮೊದಲ ಕೇಸನ್ನೇ ನೋಡಿ. ಅದು ಕೈಹಿಡಿದು ಕಲಿಸುವ ಕೇಸು, ಇಪ್ಪತ್ತು ನಿಮಿಷದ್ದು. ಕೊಲೆಗಾರ ಯಾರು ಅಂತ ಶುರುವಿನಲ್ಲೇ ತೋರಿಸಿಬಿಡುತ್ತಾರೆ. ಸಾಕ್ಷಿ ಫ್ರಾಂಕ್ ಸಾವಿಟ್ ಹೇಳುತ್ತಾನೆ: ಹೆಣ ಕಂಡಾಗ ಮಧ್ಯಾಹ್ನ 1 ಗಂಟೆ. ಪೋಸ್ಟ್‌ಮಾರ್ಟಂ ವರದಿ ಹೇಳುತ್ತದೆ: ಸಾವು ಸಂಜೆ 4ರ ಮೇಲೆ. ಟಿವಿಯಲ್ಲಿ ಸಮಯ ಕೇಳಿಸಿತು ಅನ್ನುತ್ತಾನೆ. ಆ ಹೊತ್ತಿನಲ್ಲಿ ಆ ಕಟ್ಟಡದಲ್ಲಿ ಕರೆಂಟೇ ಇರಲಿಲ್ಲ. ಹಾಗಾದರೆ ಮೇಜಿನ ಮೇಲಿದ್ದ ಗಡಿಯಾರ ನೋಡಿದೆ ಅನ್ನುತ್ತಾನೆ. ಅಲ್ಲಿಗೆ ಅವನ ಕಥೆ ಮುಗಿಯಿತು. ಏಕೆಂದರೆ ಆ ಗಡಿಯಾರ ನೋಡಲು ಗಡಿಯಾರದ ಹಾಗಿಲ್ಲ, ಅದೊಂದು ಮೂರ್ತಿ. ಕತ್ತು ಬಗ್ಗಿಸಿದರೆ ಬಾಯಿಬಿಟ್ಟು ಸಮಯ ಹೇಳುತ್ತದೆ. ಕೊಲೆಗೆ ಬಳಸಿದ ಆಯುಧವೂ ಅದೇ. ಹೊಡೆಯುವಾಗ ಅದು ಸಮಯ ಹೇಳಿದ್ದನ್ನು ಕೇಳಿಸಿಕೊಂಡವನಿಗೆ ಮಾತ್ರ ಅದು ಗಡಿಯಾರ ಅಂತ ಗೊತ್ತು. ಅದು 1 ಅಂದದ್ದು ಯಾಕೆ? ಸತ್ತ ಹುಡುಗಿ ಹಿಂದಿನ ದಿನವಷ್ಟೇ ಪ್ಯಾರಿಸ್‌ನಿಂದ ಬಂದಿದ್ದಳು, ಗಡಿಯಾರ ತಿದ್ದಿರಲಿಲ್ಲ. ಲಾಸ್ ಏಂಜಲೀಸ್‌ನಲ್ಲಿ ಸಂಜೆ 4 ಆದಾಗ ಪ್ಯಾರಿಸ್‌ನಲ್ಲಿ ರಾತ್ರಿ 1. ಇಷ್ಟಕ್ಕೂ ಬೇಕಾಗಿದ್ದು ಒಂದು ಪಾಸ್‌ಪೋರ್ಟ್, ಒಂದು ಕರೆಂಟ್ ಕಡಿತದ ದಾಖಲೆ, ಮತ್ತು ಆರಾಮಾಗಿ ವಾಕ್ಯ ಓದುವ ತಾಳ್ಮೆ. ರಕ್ತ ಇಲ್ಲ, ಓಟ ಇಲ್ಲ, ಗುಂಡು ಇಲ್ಲ. ಒಬ್ಬ ಮನುಷ್ಯ ತನ್ನದೇ ಮಾತಿಗೆ ಸಿಕ್ಕಿಬೀಳುವುದನ್ನು ಹೀಗೆ ತೋರಿಸಿದ ಆಟ ನಾನು ಮತ್ತೊಂದು ನೋಡಿಲ್ಲ.

ಮೊದಲ ಆಟದ ನಾಲ್ಕನೇ ಕೇಸಿನಲ್ಲಿ ಎಜ್‌ವರ್ತ್‌ನ ಮೇಲೇ ಕೊಲೆ ಆರೋಪ ಬರುತ್ತದೆ. ಕ್ರಿಸ್‌ಮಸ್ ಹಿಂದಿನ ರಾತ್ರಿ, ಕೆರೆಯ ನಡುವೆ ದೋಣಿ, ಎರಡು ಗುಂಡಿನ ಸದ್ದು. ಅದರ ಹಿಂದೆ 15 ವರ್ಷ ಹಳೆಯ ಇನ್ನೊಂದು ಕೊಲೆ: ಭೂಕಂಪ, ಐದು ಗಂಟೆ ನಿಂತುಹೋದ ಲಿಫ್ಟು, ಒಳಗೆ ಎಜ್‌ವರ್ತ್‌ನ ಅಪ್ಪ, ಒಂಬತ್ತು ವರ್ಷದ ಎಜ್‌ವರ್ತ್, ಒಬ್ಬ ಕೋರ್ಟ್ ಸಿಬ್ಬಂದಿ. ಉಸಿರು ಕಟ್ಟುವ ಆ ಲಿಫ್ಟಿನಲ್ಲಿ ಅಪ್ಪ ಗುಂಡೇಟಿಗೆ ಸತ್ತ. ಆ ಕೇಸು ನಡೆಸಲು ಕಾನೂನು ಕೊಟ್ಟ ಅವಧಿ ತೀರಲು ಒಂದೇ ದಿನ ಬಾಕಿ. ಇಂಥ ಹೊತ್ತಿನಲ್ಲಿ ಫೀನಿಕ್ಸ್‌ಗೆ ದಾರಿ ಕಾಣದೆ, ಸಾಕ್ಷಿಯ ಗಿಣಿಯನ್ನೇ ಪಾಟಿ ಸವಾಲಿಗೆ ಕರೆಸುತ್ತಾನೆ. ಗಿಣಿ ಒಂದೊಂದೇ ಮಾತು ಹೇಳುತ್ತದೆ. ನನ್ನ ಅಪ್ಪ ಅವತ್ತು ಹಿಂದೆ ನಿಂತು ನೋಡುತ್ತಿದ್ದರು. ಬಹಳ ಗಂಭೀರವಾಗಿ ಕೇಳಿದರು, "ಪುಟ್ಟಿ, ಗಿಣಿಗೆ ಪ್ರಮಾಣ ಯಾರು ಬೋಧಿಸಿದ್ರು?"

ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಆದರೆ ಆ ಗಿಣಿಯ ಹೆಸರು, ಅದು ಹೇಳುವ ತಿಜೋರಿ ನಂಬರು 1228, ಅದು ಡಿಸೆಂಬರ್ 28 ಅನ್ನುವುದು, ಹಳೆಯ ಕೊಲೆ ನಡೆದ ದಿನ ಅದೇ ಅನ್ನುವುದು, ಇವೆಲ್ಲ ಒಂದೊಂದಾಗಿ ಬಿಚ್ಚಿಕೊಂಡಾಗ ಅಪ್ಪ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತರು. ಎದುರು ನಿಂತಿದ್ದವನು ಫಾನ್ ಕಾರ್ಮಾ, 40 ವರ್ಷ ಸೋತೇ ಇಲ್ಲದ ಪ್ರಾಸಿಕ್ಯೂಟರ್. 15 ವರ್ಷದ ಹಿಂದೆ ಭುಜಕ್ಕೆ ಬಿದ್ದ ಗುಂಡನ್ನು ಅವನು ತೆಗೆಸಿಕೊಂಡೇ ಇಲ್ಲ, ಯಾಕೆಂದರೆ ಆಪರೇಷನ್ ಮಾಡಿಸಿಕೊಂಡರೆ ಲಿಫ್ಟಿನ ಕೊಲೆ ಮಾಡಿದ್ದು ಅವನೇ ಅನ್ನುವುದಕ್ಕೆ ಅದೇ ಪುರಾವೆ. ಲೋಹ ಪತ್ತೆ ಮಾಡುವ ಯಂತ್ರ ಅವನ ಭುಜದ ಮುಂದೆ ಕೂಗಿದಾಗ ಅಪ್ಪ ಜೋರಾಗಿ ಉಸಿರುಬಿಟ್ಟರು. ನಾನೂ.

ಇಷ್ಟಾದರೂ ನನ್ನ ಮಟ್ಟಿಗೆ ಸರಣಿಯ ತುತ್ತತುದಿ ಎರಡನೇ ಆಟದ ಕೊನೆಯ ಕೇಸು. ಎರಡನೇ ಆಟ ಜಪಾನಿನಲ್ಲಿ 2002ರಲ್ಲಿ ಬಂತು. ಬಹಳ ಅಭಿಮಾನಿಗಳು ಮೂರನೆಯದನ್ನೇ ಮೇಲೆ ಇಡುತ್ತಾರೆ. ಎರಡರಲ್ಲಿ ಆ ಸರ್ಕಸ್ ಕೇಸು ಇದೆ, ಅದು ಎಳೆದ ಹಾಗಿದೆ, ಒಪ್ಪುತ್ತೇನೆ. ಆದರೆ ಕೊನೆಯ ಕೇಸು ಒಂದಿದ್ದರೆ ಸಾಕು.

ಮ್ಯಾಟ್ ಎನ್‌ಗಾರ್ಡ್ ಅನ್ನುವ ನಟ. ಪ್ರತಿಸ್ಪರ್ಧಿ ನಟನ ಕೊಲೆ ಆರೋಪ ಅವನ ಮೇಲೆ. ಇತ್ತ ಮಾಯಾಳನ್ನು ಬಾಡಿಗೆ ಕೊಲೆಗಾರನೊಬ್ಬ ಹೊತ್ತೊಯ್ದಿದ್ದಾನೆ. ಎನ್‌ಗಾರ್ಡ್ ನಿರಪರಾಧಿ ಅಂತ ಬಿಡುಗಡೆ ಆಗಬೇಕು, ಇಲ್ಲದಿದ್ದರೆ ಅವಳು ಉಳಿಯುವುದಿಲ್ಲ. ಫೀನಿಕ್ಸ್‌ಗೆ ಈ ಆಟದಲ್ಲಿ ಒಂದು ಮಣಿ ಸಿಕ್ಕಿರುತ್ತದೆ. ಎದುರಿನವರು ಏನಾದರೂ ಬಚ್ಚಿಟ್ಟರೆ ಅವರ ಸುತ್ತ ಸರಪಳಿ, ಬೀಗ ಕಾಣುತ್ತವೆ. ಅವನು ಎನ್‌ಗಾರ್ಡ್‌ನನ್ನು ನೇರವಾಗಿ ಕೇಳುತ್ತಾನೆ: ನೀನು ಕೊಂದೆಯಾ? ಇಲ್ಲ, ನಾನು ಯಾರನ್ನೂ ಕೊಂದಿಲ್ಲ ಅನ್ನುತ್ತಾನೆ. ಬೀಗ ಕಾಣುವುದಿಲ್ಲ. ನಿಜ ಹೇಳುತ್ತಿದ್ದಾನೆ. ಫೀನಿಕ್ಸ್ ನಂಬುತ್ತಾನೆ. ನಾನೂ ನಂಬಿದೆ. ಎರಡು ದಿನ ಅವನಿಗಾಗಿ ಜಗಳವಾಡಿದೆ.

ಆಮೇಲೆ ಗೊತ್ತಾಗುತ್ತದೆ. ಅವನು ತನ್ನ ಕೈಯಿಂದ ಕೊಂದಿಲ್ಲ. ದುಡ್ಡು ಕೊಟ್ಟು ಕೊಲ್ಲಿಸಿದ್ದಾನೆ. ಮಾಯಾಳನ್ನು ಹೊತ್ತೊಯ್ದವನು ಅದೇ ಬಾಡಿಗೆ ಕೊಲೆಗಾರ. ಬಂದೀಖಾನೆಯ ಗಾಜಿನ ಆಚೆ ಕೂತ ಎನ್‌ಗಾರ್ಡ್ ಮುಖದ ಮೇಲಿನ ಕೂದಲು ಹಿಂದಕ್ಕೆ ತಳ್ಳುತ್ತಾನೆ, ಗಾಯದ ಗುರುತು ಕಾಣುತ್ತದೆ, ಅದುವರೆಗೆ ಪೆದ್ದನಂತಿದ್ದ ಮುಖ ಇನ್ನೊಂದೇ ಆಗಿಬಿಡುತ್ತದೆ. ನಾನು ಡಿಎಸ್ ಮಡಚಿ ಇಟ್ಟು ಹಿತ್ತಲಿಗೆ ಹೋಗಿ ಬಾವಿಕಟ್ಟೆಯ ಮೇಲೆ ಕೂತೆ. ಅಪ್ಪ ಏನಾಯ್ತು ಅಂತ ಬಂದರು. ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿದರು. "ವಾಕ್ಯ ಸರಿ ಇದೆ ಪುಟ್ಟಿ. ಪ್ರಶ್ನೆ ತಪ್ಪಿದೆ" ಅಂದರು. "'ನಾನು ಕೊಂದಿದ್ದೇನೆ ಎಂದರೆ ಸರಿಯಲ್ಲ.' ಅಷ್ಟೇ ಅವನು ಹೇಳಿರೋದು. ಕೊಲ್ಲಿಸಿದ್ದೀಯಾ ಅಂತ ಯಾರೂ ಕೇಳಲಿಲ್ಲ ಅಲ್ವಾ?"

ಈ ಸರಣಿಯ ಬಗ್ಗೆ ನಾನು ಓದಿದ, ಕೇಳಿದ ಮಾತುಗಳಲ್ಲೆಲ್ಲ ಇಷ್ಟು ನಿಖರವಾದದ್ದು ಇನ್ನೊಂದಿಲ್ಲ.

ಆ ಕೇಸಿನ ಕೊನೆ ಇನ್ನೂ ದೊಡ್ಡದು. ಪ್ರಾಸಿಕ್ಯೂಟರ್ ಜಾಗದಲ್ಲಿ ನಿಂತ ಎಜ್‌ವರ್ತ್ ಬೇಕೆಂದೇ ವಿಚಾರಣೆಯನ್ನು ಎಳೆಯುತ್ತಾನೆ, ಮಾಯಾಳನ್ನು ಹುಡುಕಲು ಹೊತ್ತು ಸಿಗಲಿ ಅಂತ. ಎದುರುಬದುರು ನಿಂತ ಇಬ್ಬರು ಒಂದೇ ಕೆಲಸ ಮಾಡುತ್ತಿದ್ದಾರೆ. ಕಡೆಗೆ ಫೀನಿಕ್ಸ್ ಎನ್‌ಗಾರ್ಡ್‌ಗೆ ಸುಳ್ಳು ಹೇಳಿ ಸೋಲಿಸುವುದಿಲ್ಲ. ಕೊಲೆಗಾರನನ್ನು ಮುಂದೆ ಬೆದರಿಸಲು ಎನ್‌ಗಾರ್ಡ್ ಕೊಲೆಯನ್ನೇ ಗುಟ್ಟಾಗಿ ವಿಡಿಯೊ ಮಾಡಿಟ್ಟಿದ್ದ ಅನ್ನುವ ನಿಜವನ್ನು ಕೊಲೆಗಾರನಿಗೇ ಕೇಳಿಸುತ್ತಾನೆ. ಬಾಡಿಗೆ ಕೊಲೆಗಾರನಿಗೆ ನಂಬಿಕೆ ದೊಡ್ಡದು. ಅವನು ಒಪ್ಪಂದ ಮುರಿಯುತ್ತಾನೆ. ಈಗ ಹೊರಗೆ ಹೋದರೆ ಸಾವು ಕಾದಿದೆ. ಎನ್‌ಗಾರ್ಡ್ ತನ್ನನ್ನು ಅಪರಾಧಿ ಅಂತ ತೀರ್ಪು ಕೊಡಿ ಅಂತ ತಾನೇ ಕಿರುಚುತ್ತಾನೆ. ನಾನು ಮೊದಲ ಸಲ ತಪ್ಪು ಪುರಾವೆ ತೋರಿಸಿ ಸೋತಿದ್ದೆ. ಆಗ ಬರುವ ಕೊನೆಯಲ್ಲಿ ಮಾಯಾ ವಾಪಸು ಬರುವುದೇ ಇಲ್ಲ. ಆ ಕಪ್ಪು ಪರದೆ ನೋಡಿ ಅವತ್ತು ಅತ್ತಿದ್ದೆ.

ಮೂರನೇ ಆಟದ ಗೊಡೊ ಬಗ್ಗೆ ಎರಡು ಮಾತು. ಮುಖವಾಡ ತೊಟ್ಟ ಪ್ರಾಸಿಕ್ಯೂಟರ್, ಒಂದು ವಿಚಾರಣೆಗೆ 17 ಕಪ್ ಕಾಫಿ. ಚಿಕ್ಕಮಗಳೂರು ಜಿಲ್ಲೆಯಲ್ಲಿ ಬೆಳೆದವಳಿಗೆ ಅವನು ಇಷ್ಟವಾಗದೆ ಇರುವುದು ಸಾಧ್ಯವೇ ಇಲ್ಲ. ಆದರೆ ಅವನ ಮೇಲಿನ ಪ್ರೀತಿಗೆ ಕಾಫಿ ಕಾರಣವಲ್ಲ. ಬಿಳಿಯ ಮೇಲಿನ ಕೆಂಪು ಬಣ್ಣ ಅವನಿಗೆ ಕಾಣುವುದಿಲ್ಲ. ಅದೊಂದು ಸಣ್ಣ ಸಂಗತಿಯನ್ನು ಮೊದಲಿನಿಂದ ಅಲ್ಲಲ್ಲಿ ಇಟ್ಟು, ಕೊನೆಯ ಕೇಸಿನಲ್ಲಿ ಅದರಿಂದಲೇ ಅವನನ್ನು ಹಿಡಿಯುತ್ತಾರೆ. ಹಿಡಿಯುವಾಗ ನಮಗೇ ಸಂಕಟ. ಮೂರು ಆಟಗಳ ಎಳೆಗಳೆಲ್ಲ ಅಲ್ಲಿ ಗಂಟಾಗುತ್ತವೆ. ತಕುಮಿ ಅಲ್ಲಿಗೆ ನಿಲ್ಲಿಸಿದ್ದರೂ ನನಗೆ ಬೇಸರವಿರಲಿಲ್ಲ.

ನಿಲ್ಲಲಿಲ್ಲ. 2007ರಲ್ಲಿ ನಾಲ್ಕನೆಯದು ಬಂತು, ನಾಯಕ ಅಪೊಲೊ ಜಸ್ಟಿಸ್. ಏಳು ವರ್ಷ ಕಳೆದಿವೆ, ಫೀನಿಕ್ಸ್ ನಕಲಿ ಪುರಾವೆ ತೋರಿಸಿದ ಅಂತ ಸನದು ಕಳೆದುಕೊಂಡಿದ್ದಾನೆ, ಒಂದು ಹೋಟೆಲಿನಲ್ಲಿ ಇಸ್ಪೀಟು ಆಡುತ್ತ ಕೂತಿದ್ದಾನೆ. ಅಭಿಮಾನಿಗಳಿಗೆ ಆಗ ಬಹಳ ಸಿಟ್ಟು ಬಂದಿತ್ತು. ನನಗೆ ಅದು ಧೈರ್ಯದ ಕೆಲಸ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ನನ್ನ ತಕರಾರು ಬೇರೆ. ಅಪೊಲೊ ಕೈಯಲ್ಲೊಂದು ಬಳೆ. ಸಾಕ್ಷಿ ಸುಳ್ಳು ಹೇಳಿದರೆ ಅದು ಬಿಗಿಯುತ್ತದೆ. ಆಮೇಲೆ ಸಾಕ್ಷಿಯ ಮುಖ, ಕೈ ದೊಡ್ಡದಾಗಿ ಕಾಣುತ್ತವೆ, ಬೆರಳು ಎಲ್ಲಿ ನಡುಗಿತು ಅಂತ ಹುಡುಕಬೇಕು. ಐದನೇ ಆಟದಲ್ಲಿ, ಅಂದರೆ 2013ರಲ್ಲಿ, ಅಥೀನಾ ಬಂದಳು, ಅವಳ ಯಂತ್ರ ಸಾಕ್ಷಿಯ ಮನಸ್ಸಿನ ಸಂತೋಷ, ದುಃಖ, ಸಿಟ್ಟುಗಳನ್ನು ದೀಪ ಹಚ್ಚಿ ತೋರಿಸಿತು. ಎಲ್ಲಾ ಚೆನ್ನಾಗಿಯೇ ಮಾಡಿದ್ದಾರೆ. ಆದರೆ ಒಂದೊಂದು ಯಂತ್ರ ಬಂದಂತೆ ವಾಕ್ಯದ ತೂಕ ಕಡಿಮೆಯಾಯಿತು. ಸುಳ್ಳು ಎಲ್ಲಿದೆ ಅಂತ ಬಳೆಯೇ ಹೇಳಿದರೆ ನಾನು ಓದುವುದು ಏನನ್ನು? ಮ್ಯಾಟ್ ಎನ್‌ಗಾರ್ಡ್‌ನ ಕೇಸಿನಲ್ಲಿ ತಕುಮಿ ಇದೇ ಎಚ್ಚರಿಕೆ ಕೊಟ್ಟಿದ್ದರು. ಮಣಿ ಸುಳ್ಳು ಹೇಳಲಿಲ್ಲ, ಆದರೂ ನಾವು ಮೋಸ ಹೋದೆವು. ಆ ಮಣಿ ಇದ್ದದ್ದೇ ಮೋಸ ಹೋಗುವುದಕ್ಕೆ. ಮುಂದೆ ಬಂದ ಸಲಕರಣೆಗಳಿಗೆ ಆ ಮುಳ್ಳು ಇರಲಿಲ್ಲ.

2016ರ ಆರನೇ ಆಟ ಒಂದು ಸಲ ಆಡಿದ್ದೇನೆ. ಮತ್ತೆ ಆಡಬೇಕು ಅನ್ನಿಸಿಲ್ಲ.

ಅದೇ ಹೊತ್ತಿನಲ್ಲಿ ತಕುಮಿ ಇನ್ನೊಂದು ಕಡೆ ಇದ್ದರು. 2015 ಮತ್ತು 2017ರಲ್ಲಿ ಜಪಾನಿನಲ್ಲಿ 'ಗ್ರೇಟ್ ಏಸ್ ಅಟಾರ್ನಿ'ಯ ಎರಡು ಭಾಗ ಬಂದವು. ಇಂಗ್ಲಿಷಿಗೆ ಬಂದಿದ್ದು 2021ರಲ್ಲಿ. ಮೇಜಿ ಚಕ್ರವರ್ತಿಯ ಕಾಲದ ಜಪಾನು, ವಿಕ್ಟೋರಿಯಾ ರಾಣಿಯ ಕಾಲದ ಲಂಡನ್. ನಾಯಕ ರ್ಯೂನೊಸುಕೆ, ನಮ್ಮ ಫೀನಿಕ್ಸ್‌ನ ಪೂರ್ವಜ. ಇಲ್ಲಿ ಮತ್ತೆ ಮಾತು ಮೇಲೆ ಬಂತು. ಆರು ಜನ ಜ್ಯೂರಿಗಳು ತಪ್ಪಿತಸ್ಥ ಅಂದಾಗ, ಒಬ್ಬರ ಮಾತನ್ನು ಇನ್ನೊಬ್ಬರ ಮಾತಿಗೆ ತಾಗಿಸಿ ಮನಸ್ಸು ಬದಲಾಯಿಸಬೇಕು. ಯಂತ್ರ ಇಲ್ಲ, ಬಳೆ ಇಲ್ಲ. ಎರಡು ವಾಕ್ಯ, ಅಷ್ಟೇ.

ಮೊದಲ ಕೇಸಿನಲ್ಲೇ ಒಬ್ಬ ಇಂಗ್ಲಿಷ್ ಯುವತಿ ಕೊಲೆಗಾರ್ತಿ ಅಂತ ಸಾಬೀತಾಗುತ್ತದೆ. ಆದರೆ ಜಪಾನಿನ ಕೋರ್ಟು ಅವಳಿಗೆ ಶಿಕ್ಷೆ ಕೊಡುವ ಹಾಗಿಲ್ಲ. ಒಪ್ಪಂದ ಹಾಗಿದೆ, ಬ್ರಿಟಿಷ್ ಪ್ರಜೆಯ ವಿಚಾರಣೆ ಬ್ರಿಟಿಷರದೇ ಕೋರ್ಟಿನಲ್ಲಿ. ಆಡುವ ಅಮೆರಿಕದ ಹುಡುಗನಿಗೆ ಇದು ಕಥೆಯ ತಿರುವು ಅನ್ನಿಸಬಹುದು. ನನಗೆ ಇಲ್ಬರ್ಟ್ ಮಸೂದೆ ನೆನಪಾಯಿತು. 1883ರಲ್ಲಿ, ಭಾರತೀಯ ಜಡ್ಜ್‌ಗಳು ಯುರೋಪಿಯನ್ನರ ವಿಚಾರಣೆ ಮಾಡಬಹುದು ಅಂದಿದ್ದಕ್ಕೆ ಇಲ್ಲಿದ್ದ ಬಿಳಿಯರು ಎಬ್ಬಿಸಿದ ಗಲಾಟೆ ಸಣ್ಣದಲ್ಲ. ಕೊನೆಗೆ ಮಸೂದೆಯ ಹಲ್ಲು ಕಿತ್ತೇ ಪಾಸು ಮಾಡಿದರು. ಲಂಡನ್ನಿನ ಕೋರ್ಟಿನಲ್ಲಿ ಪ್ರಾಸಿಕ್ಯೂಟರ್ ಫಾನ್ ಝೀಕ್ಸ್ ರ್ಯೂನೊಸುಕೆಯನ್ನು ತಾತ್ಸಾರದಿಂದ ನೋಡುವ ಪ್ರತಿ ಸಲ ನನ್ನ ಹಲ್ಲು ಕಚ್ಚಿಕೊಳ್ಳುತ್ತಿತ್ತು. ಇನ್ನು, ರ್ಯೂನೊಸುಕೆಯ ಮೊದಲ ಲಂಡನ್ ಕೇಸು. ಕಕ್ಷಿದಾರ ಧನಿಕ, ನಗುಮುಖದವನು. ಕುದುರೆ ಎಳೆಯುವ ಬಸ್ಸನ್ನೇ ಕೋರ್ಟಿನೊಳಗೆ ತಂದು ನಿಲ್ಲಿಸಿರುತ್ತಾರೆ. ಗೆಲ್ಲುತ್ತೀರಿ. ಗೆದ್ದ ಮೇಲೆ, ಪುರಾವೆಯನ್ನು ಯಾರೋ ತಿರುಚಿದ್ದರು ಅನ್ನುವುದು ಮನಸ್ಸಿನಲ್ಲಿ ಮುಳ್ಳಾಗಿ ಉಳಿಯುತ್ತದೆ. ಬಿಡುಗಡೆಯಾದವನು ಅದೇ ದಿನ ಅದೇ ಬಸ್ಸಿನೊಳಗೆ ಸುಟ್ಟು ಸಾಯುತ್ತಾನೆ. ಗೆಲುವಿನ ರುಚಿ ಇಷ್ಟು ಕಹಿಯಾಗಿ ಬಂದಿದ್ದು ಎನ್‌ಗಾರ್ಡ್ ಆದಮೇಲೆ ಇಲ್ಲಿಯೇ. ಹೊಸದಾಗಿ ಶುರು ಮಾಡುವವರು ಎಲ್ಲಿಂದ ಶುರು ಮಾಡಲಿ ಅಂತ ಕೇಳಿದರೆ ಹಳೆಯ ಮೂರು, ಆಮೇಲೆ ನೇರವಾಗಿ ಇದಕ್ಕೆ ಬನ್ನಿ ಅನ್ನುತ್ತೇನೆ. ಎರಡೂ ಭಾಗ ಒಟ್ಟಿಗೆ ಆಡಿ. ಮೊದಲ ಭಾಗ ಅರ್ಧ ಪ್ರಶ್ನೆಗಳನ್ನು ಹಾಗೇ ಬಿಟ್ಟು ಮುಗಿಯುತ್ತದೆ.

ಅಪ್ಪ ಆಟದ ಎಲ್ಲವನ್ನೂ ಒಪ್ಪುವುದಿಲ್ಲ. ಪ್ರತಿ ವಾಕ್ಯಕ್ಕೂ "ಹೋಲ್ಡ್ ಇಟ್" ಅಂತ ಕೂಗಿ ಕೆದಕುವುದು ಅವರಿಗೆ ಸೇರುವುದೇ ಇಲ್ಲ. ಉತ್ತರ ಏನು ಬರುತ್ತೆ ಅಂತ ಗೊತ್ತಿಲ್ಲದ ಪ್ರಶ್ನೆಯನ್ನು ಪಾಟಿ ಸವಾಲಿನಲ್ಲಿ ಕೇಳಬಾರದು ಅನ್ನುವುದು ಅವರು ಹಿರಿಯ ವಕೀಲರಿಂದ ಕಲಿತ ಪಾಠ. ಒಳ್ಳೆಯ ವಕೀಲರು ಎಷ್ಟು ಕಡಿಮೆ ಕೇಳುತ್ತಿದ್ದರು ಅಂತ ಹೇಳುತ್ತಾರೆ. ಮೂರೇ ಪ್ರಶ್ನೆ ಕೇಳಿ ಕೂತುಬಿಡುತ್ತಿದ್ದರಂತೆ ಒಬ್ಬರು. ನಾನು ವಾದ ಮಾಡುತ್ತೇನೆ. ಫೀನಿಕ್ಸ್ ಕೇಳುವುದು ಗೆಲ್ಲುವುದಕ್ಕಲ್ಲ, ಏನಾಯಿತು ಅಂತ ಅವನಿಗೂ ಗೊತ್ತಿಲ್ಲ, ಅದಕ್ಕೇ ಕೇಳುತ್ತಾನೆ. "ಹಾಗೆ ಕೇಳೋಕೆ ನಿಜವಾದ ಕೋರ್ಟಲ್ಲಿ ಎಲ್ಲಿದೆ ಪುರುಸೊತ್ತು" ಅನ್ನುತ್ತಾರೆ ಅಪ್ಪ. ವಾಯಿದೆಯ ಮೇಲೆ ವಾಯಿದೆ ಬಿದ್ದು, ಸಾಕ್ಷಿಗೇ ಮರೆತುಹೋದ ಮೇಲೆ ಪಾಟಿ ಸವಾಲು ನಡೆದ ಕೇಸುಗಳನ್ನು ಅವರು ಟೈಪ್ ಮಾಡಿದ್ದಾರೆ. ಮೂರು ದಿನದಲ್ಲಿ ತೀರ್ಪು ಅನ್ನುವುದು ಅವರಿಗೆ ಅನ್ಯಾಯ ಅನ್ನಿಸುವುದಿಲ್ಲ, ಆಸೆ ಹುಟ್ಟಿಸುತ್ತದೆ.

ಅಪ್ಪ ನಿವೃತ್ತರಾಗಿ ಕೆಲವು ವರ್ಷಗಳಾದವು. ಬೇಸಿಗೆಗೆ ಅಮ್ಮನ ಜೊತೆ ಬೆಂಗಳೂರಿಗೆ, ನನ್ನ ಮನೆಗೆ ಬರುತ್ತಾರೆ. ಎಜ್‌ವರ್ತ್ ನಾಯಕನಾಗಿರುವ ಎರಡನೇ ಆಟ ಜಪಾನಿನಲ್ಲಿ 2011ರಲ್ಲೇ ಬಂದಿತ್ತು. ಇಂಗ್ಲಿಷಿಗೆ ಅಧಿಕೃತವಾಗಿ ಬರಲು 2024ರ ಸೆಪ್ಟೆಂಬರ್ ಆಯಿತು. ಅಷ್ಟರಲ್ಲಿ ಅಭಿಮಾನಿಗಳೇ ಸೇರಿ ಅನುವಾದ ಮಾಡಿಕೊಂಡಿದ್ದರು. ನಾನು ಮಾತ್ರ ಕಾದೆ. ಕಾದಿದ್ದು ಒಳ್ಳೆಯದಾಯಿತು, ಏಕೆಂದರೆ ಈ ಸಲ ಅದನ್ನು ದೊಡ್ಡ ಟಿವಿಯಲ್ಲಿ ಅಪ್ಪನ ಜೊತೆ ಆಡಿದೆ. ಅದರ ಮೂರನೇ ಕೇಸಿನಲ್ಲಿ ಎಜ್‌ವರ್ತ್‌ನ ಅಪ್ಪ ಗ್ರೆಗರಿ ಬರುತ್ತಾನೆ. ಲಿಫ್ಟಿನಲ್ಲಿ ಸತ್ತ ಆ ಅಪ್ಪ. 18 ವರ್ಷದ ಹಿಂದಿನ ಕೇಸು, ಅವನು ಡಿಫೆನ್ಸ್ ವಕೀಲ. ಆ ಭಾಗದಲ್ಲಿ ನಾವು ಗ್ರೆಗರಿಯೇ ಆಗಿ ಆಡಬೇಕು. ಅಪ್ಪ ಪೂರ್ತಿ ಮುಗಿಸಲಾಗದೆ ಬಿಟ್ಟುಹೋದ ಕೇಸನ್ನು ಮಗ ಕೈಗೆತ್ತಿಕೊಳ್ಳುತ್ತಾನೆ.

ಅಪ್ಪನಿಗೆ ಈಗ ಸಣ್ಣ ಅಕ್ಷರ ಕಾಣುವುದು ಕಷ್ಟ. ಹಾಗಾಗಿ ಸಾಕ್ಷಿಯ ವಾಕ್ಯಗಳನ್ನು ನಾನು ಕನ್ನಡದಲ್ಲಿ ಗಟ್ಟಿಯಾಗಿ ಓದುತ್ತಿದ್ದೆ. ಎರಡನೇ ದಿನ ಗಮನಿಸಿದೆ. ನಾನು ಓದುವಾಗ ಅವರ ಬಲಗೈ ಕುರ್ಚಿಯ ತೋಳಿನ ಮೇಲೆ ಇರುತ್ತಿತ್ತು, ಬೆರಳುಗಳು ಆಡುತ್ತಿದ್ದವು. ಕೀಲಿಮಣೆ ಇಲ್ಲ, ಬರೀ ಮರ. ಉಗುರು ತಾಗಿ ಟಕ್ ಟಕ್ ಅಂತ ಮೆಲ್ಲಗೆ ಸದ್ದು. ವಾಕ್ಯ ಮುಗಿದಾಗ ಹೆಬ್ಬೆರಳು ಒಮ್ಮೆ ಒತ್ತುತ್ತಿತ್ತು. ನಾನು ಏನೂ ಹೇಳಲಿಲ್ಲ, ಓದುತ್ತ ಹೋದೆ. ಮೊದಲ ವಾಕ್ಯ. ಎರಡನೆಯದು. ಮೂರನೆಯದರ ಅರ್ಧದಲ್ಲಿ ಬೆರಳು ನಿಂತವು.

"ಇನ್ನೊಂದ್ಸಲ ಓದು ಪುಟ್ಟಿ" ಅಂದರು.

ಓದಿದೆ. ನನಗೂ ಕಂಡಿತು. ಪುರಾವೆಗಳ ಪಟ್ಟಿ ತೆರೆದು, ಬೇಕಾದದ್ದನ್ನು ಹುಡುಕಿ, ಗುಂಡಿ ಒತ್ತಿದೆ. ಸಂಗೀತ ನಿಂತಿತು.